ಹೆಸರು ಹಿಡಿದು ಮಾತಾಡುವ ಪುಟ್ಟ ದೇಶ

ರಷ್ಯಾದ ಪಕ್ಕದ ಎಸ್ಟೋನಿಯಾ ದೇಶದ ರಾಜಧಾನಿ ಟ್ಯಾಲಿನ್‌ನ ನಮ್ಮ ಆಫೀಸಿನಲ್ಲಿ ಕಾಫಿ ಮೆಷಿನ್ ಪಕ್ಕ ಯಾರೋ ಒಂದು ಪುಸ್ತಕ ಬಿಟ್ಟು ಹೋಗಿದ್ದರು. ನುಣುಪು ಕಾಗದ, ಒಳ್ಳೆ ಮುದ್ರಣ. ಕಾಫಿ ತುಂಬುವಷ್ಟರಲ್ಲಿ ಸುಮ್ನೆ ಒಂದು ಪುಟ ತಿರುಗಿಸಿದೆ. ರಷ್ಯಾದ ಪರ ಬೇಹುಗಾರಿಕೆ ಮಾಡಿ ಸಿಕ್ಕಿಬಿದ್ದವನೊಬ್ಬನ ಹೆಸರು, ಕೋರ್ಟು ಕೊಟ್ಟ ಶಿಕ್ಷೆ, ಎಲ್ಲ ಅಲ್ಲಿದೆ. ಮುಂದಿನ ಪುಟಗಳಲ್ಲಿ ಸರ್ಕಾರಿ ಕಂಪ್ಯೂಟರ್‌ಗಳಿಗೆ ಯಾರು ಕೈ ಹಾಕಿದರು, ಹೇಗೆ ಹಾಕಿದರು ಅನ್ನೋ ವಿವರ.

ಅದು ಎಸ್ಟೋನಿಯಾದ ಕಾಪೋದ ವಾರ್ಷಿಕ ಪುಸ್ತಕ. ಕಾಪೋ ಅಂದರೆ ನಮ್ಮ ಐಬಿ ಇದ್ದ ಹಾಗೆ, ದೇಶದ ಒಳಗಿನ ಗುಪ್ತಚರ ಕೆಲಸ ನೋಡಿಕೊಳ್ಳುವ ಸಂಸ್ಥೆ. 1998ರಿಂದ ಇವರು ಇಂಥ ಪುಸ್ತಕ ತರುತ್ತಿದ್ದಾರೆ. ಯುಗಾದಿ ಆಸುಪಾಸಿನಲ್ಲಿ ಬರುತ್ತದೆ. ಇಂಗ್ಲಿಷಿನಲ್ಲೂ ಇದೆ, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹೊರದೇಶದ ಗುಪ್ತಚರ ನೋಡುವವರದ್ದು ಬೇರೆ ವರದಿ. ಸೈಬರ್ ಭದ್ರತೆ ನೋಡಿಕೊಳ್ಳುವ ಆರ್‌ಐಎ ಅನ್ನೋ ಸಂಸ್ಥೆಯದ್ದು ಇನ್ನೊಂದು.

ಪಕ್ಕದ ಮೇಜಿನ ಸಹೋದ್ಯೋಗಿ ನಾನು ಓದೋದನ್ನು ನೋಡಿ ಕೇಳಿದ: "ನಿಮ್ಮ ದೇಶದವರ ಪುಸ್ತಕ ಹೇಗಿರುತ್ತೆ? ನಿಮ್ಮ ಮೇಲೂ ಜಾಸ್ತಿ ದಾಳಿ ಆಗುತ್ತಂತಲ್ಲ."

ನಮ್ಮ ಐಬಿ ಪುಸ್ತಕ ಮಾಡೋದೇ! ನಕ್ಕುಬಿಟ್ಟೆ. ಅವನು ನಗಲಿಲ್ಲ. "ಹಾಗಾದ್ರೆ ನಿಮಗೆ ಹೇಗೆ ಗೊತ್ತಾಗುತ್ತೆ?" ಅಂದ. ವ್ಯಂಗ್ಯ ಏನಿಲ್ಲ, ಸುಮ್ಮನೆ ಕೇಳಿದ್ದು. ಆದರೂ ಚುರುಕ್ ಅಂತು. ಅಮೆರಿಕದ ಯಾವುದೋ ಕಂಪನಿ ವರದಿ ಬಿಡುತ್ತೆ, ಅದನ್ನು ನಮ್ಮ ಟೀವಿಯವರು ರಾತ್ರಿ ಒಂಬತ್ತಕ್ಕೆ ಕೂಗುತ್ತಾರೆ, ಮರುದಿನ ಸರ್ಕಾರ ಇಲ್ಲ ಅನ್ನುತ್ತೆ, ಹಾಗೆ ಗೊತ್ತಾಗುತ್ತೆ. ಇದನ್ನು ಅವನಿಗೆ ಹೇಳೋದು ಹೇಗೆ?

ನಮ್ಮ ಮನೆಗಳಲ್ಲಿ ಒಂದು ಮಾತಿನ ವರಸೆ ಇದೆ, ಎಲ್ಲರೂ ಬಲ್ಲರು. ಮದುವೆ ಮನೆಯಲ್ಲಿ ಅತ್ತೆ ಎಲೆ ಮುಂದೆ ಕೂತು, ಯಾರನ್ನೂ ನೋಡದೆ, "ಕೆಲವರಿಗೆ ಎಷ್ಟು ಮಾಡಿದ್ರೂ ಅಷ್ಟೇ" ಅಂತಾರೆ. ಆ ಕೆಲವರು ಅಲ್ಲೇ ಎದುರು ಸಾಲಿನಲ್ಲಿ ಪಾಯಸ ಕುಡೀತಿರುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಹೆಸರೆತ್ತಲ್ಲ. ನಮ್ಮ ದೇಶದ ಸೈಬರ್ ರಾಜತಾಂತ್ರಿಕತೆ ಇದೇ ಧಾಟಿಯಲ್ಲಿ ನಡೆಯುತ್ತದೆ ಅಂತ ನನಗೆ ಅನಿಸತೊಡಗಿದೆ.

2021ರ ಜೂನ್ 29ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಸೈಬರ್ ಭದ್ರತೆ ಬಗ್ಗೆಯೇ ಒಂದು ಬಹಿರಂಗ ಚರ್ಚೆ ನಡೆಯಿತು. ಅದನ್ನು ಕರೆದದ್ದು ಎಸ್ಟೋನಿಯಾ. ಅಧ್ಯಕ್ಷತೆ ವಹಿಸಿದ್ದು ಇವರ ಆಗಿನ ಪ್ರಧಾನಿ ಕಾಯಾ ಕಲ್ಲಾಸ್. ಆ ವರ್ಷ ಭಾರತವೂ ಮಂಡಳಿಯ ಸದಸ್ಯ. ನಮ್ಮ ವಿದೇಶಾಂಗ ಕಾರ್ಯದರ್ಶಿ ಹರ್ಷವರ್ಧನ್ ಶೃಂಗ್ಲಾ ಮಾತಾಡಿದರು. ಕೆಲವು ದೇಶಗಳು ತಮ್ಮ ಸೈಬರ್ ಪರಿಣತಿಯನ್ನು ರಾಜಕೀಯ ಉದ್ದೇಶಕ್ಕೆ, ಗಡಿಯಾಚೆಯ ಭಯೋತ್ಪಾದನೆಗೆ ಬಳಸುತ್ತಿವೆ ಅನ್ನೋದು ಅವರ ಮಾತಿನ ತಾತ್ಪರ್ಯ. ಕೆಲವು ದೇಶಗಳು. ಯಾವುವು ಸ್ವಾಮಿ? ಅದನ್ನು ಹೇಳಲಿಲ್ಲ.

ಎಸ್ಟೋನಿಯಾದವರು ಹೇಳುತ್ತಾರೆ. ಅದಕ್ಕೂ ಒಂದು ವರ್ಷ ಮೊದಲು, 2020ರ ಮಾರ್ಚ್‌ನಲ್ಲಿ, ಜಾರ್ಜಿಯಾ ದೇಶದ ವೆಬ್‌ಸೈಟ್‌ಗಳ ಮೇಲಾದ ದಾಳಿಯನ್ನು ಅಮೆರಿಕ, ಬ್ರಿಟನ್ ಜತೆ ಸೇರಿ ಇದೇ ಮಂಡಳಿಯಲ್ಲಿ ಎತ್ತಿದರು. ಮಾಡಿದ್ದು ರಷ್ಯಾದ ಸೇನೆಯ ಗುಪ್ತಚರ ದಳ ಅಂತ ನೇರವಾಗಿ ಹೇಳಿದರು. 2024ರ ಸೆಪ್ಟೆಂಬರ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2020ರಲ್ಲಿ ತಮ್ಮ ಸಚಿವಾಲಯಗಳ ಕಂಪ್ಯೂಟರ್‌ಗಳಿಗೆ ನುಗ್ಗಿದ್ದು ರಷ್ಯಾದ 29155 ಅನ್ನೋ ಸೇನಾ ಘಟಕ ಅಂತ ಹೇಳಿ ಮೂವರ ಹೆಸರನ್ನೇ ಬಯಲಿಗಿಟ್ಟರು. ಪಕ್ಕದಲ್ಲಿ ಕೂತ ಅಣುಬಾಂಬಿನ ದೇಶಕ್ಕೆ ಹೀಗನ್ನೋದು, ಅದೂ ಕೊಪ್ಪಳ ಜಿಲ್ಲೆಯಷ್ಟು ಜನ ಇರುವ ದೇಶ. ಉತ್ಪ್ರೇಕ್ಷೆ ಅಲ್ಲ. ಇಲ್ಲಿನ ಜನಸಂಖ್ಯೆ ಸುಮಾರು 13.7 ಲಕ್ಷ. 2011ರ ಜನಗಣತಿಯಲ್ಲಿ ಕೊಪ್ಪಳದ್ದು ಅದಕ್ಕಿಂತ ಒಂದು ಚೂರು ಜಾಸ್ತಿಯೇ ಇತ್ತು.

ಇವರಿಗೆ ಈ ಧೈರ್ಯ ಹುಟ್ಟಿನಿಂದ ಬಂದದ್ದಲ್ಲ. 2007ರ ಏಪ್ರಿಲ್‌ನಲ್ಲಿ ಟ್ಯಾಲಿನ್‌ನ ಮಧ್ಯದಲ್ಲಿದ್ದ ಸೋವಿಯತ್ ಯೋಧನ ಕಂಚಿನ ಪ್ರತಿಮೆಯನ್ನು ಸರ್ಕಾರ ಸೇನಾ ಸ್ಮಶಾನಕ್ಕೆ ಸ್ಥಳಾಂತರಿಸಿತು. ಇಲ್ಲಿನ ರಷ್ಯನ್ ಮಾತಾಡುವವರಿಗೆ ಸಿಟ್ಟು ಬಂತು. ಬೀದಿಯಲ್ಲಿ ಗಲಾಟೆ, ಅಂಗಡಿಗಳಿಗೆ ಕಲ್ಲು, ಒಬ್ಬ ಸತ್ತ. ಜತೆಗೇ ಕಂಪ್ಯೂಟರ್‌ಗಳ ಮೇಲೆ ದಾಳಿ ಶುರುವಾಯಿತು. ಸಂಸತ್ತು, ಸಚಿವಾಲಯಗಳು, ಪತ್ರಿಕೆಗಳು, ಬ್ಯಾಂಕುಗಳ ವೆಬ್‌ಸೈಟ್‌ಗಳಿಗೆ ಎಲ್ಲೆಲ್ಲಿಂದಲೋ ಲಕ್ಷಗಟ್ಟಲೆ ಸುಳ್ಳು ಬೇಡಿಕೆ ಸುರಿದು ಅವು ಮಲಗುವ ಹಾಗೆ ಮಾಡಿದರು. ಮೂರು ವಾರ ಬಿಟ್ಟು ಬಿಟ್ಟು ನಡೆಯಿತು. ಇವರು ಅವತ್ತೇ ಜಗತ್ತಿಗೆಲ್ಲ ಕೂಗಿ ಹೇಳಿದರು, ನಮ್ಮ ಮೇಲೆ ದಾಳಿ ಆಗಿದೆ ಅಂತ. ಮರುವರ್ಷವೇ ನ್ಯಾಟೊದ ಸೈಬರ್ ರಕ್ಷಣಾ ಕೇಂದ್ರ ಟ್ಯಾಲಿನ್‌ಗೆ ಬಂತು. ಸೈಬರ್ ಯುದ್ಧಕ್ಕೆ ಅಂತರರಾಷ್ಟ್ರೀಯ ಕಾನೂನು ಹೇಗೆ ಅನ್ವಯ ಆಗುತ್ತೆ ಅಂತ ಪಂಡಿತರು ಕೂತು ಬರೆದ ಕೈಪಿಡಿ 2013ರಲ್ಲಿ ಹೊರಬಂತು, ಅದಕ್ಕೆ ಈ ಊರಿನದೇ ಹೆಸರು: ಟ್ಯಾಲಿನ್ ಮ್ಯಾನ್ಯುಯಲ್. ಏಟು ತಿಂದದ್ದನ್ನು ಹೇಳಿಕೊಂಡಿದ್ದಕ್ಕೇ ಇವರಿಗೆ ಜಗತ್ತಿನಲ್ಲಿ ಒಂದು ಕುರ್ಚಿ ಸಿಕ್ಕಿತು ಅಂತ ನನ್ನ ಲೆಕ್ಕ.

2022ರ ಆಗಸ್ಟ್‌ನಲ್ಲಿ ಗಡಿಯ ನಾರ್ವಾ ಊರಿನಿಂದ ಇನ್ನೊಂದು ಸೋವಿಯತ್ ಸ್ಮಾರಕ ತೆಗೆದರು, ಹಳೆ ಟ್ಯಾಂಕು. ಮತ್ತೆ ದಾಳಿ. ಸರ್ಕಾರದ ಡಿಜಿಟಲ್ ವಿಭಾಗದ ಮುಖ್ಯಸ್ಥರೇ ಸೋಷಿಯಲ್ ಮೀಡಿಯಾದಲ್ಲಿ ಬರೆದರು: 2007ರ ನಂತರ ಇಷ್ಟು ದೊಡ್ಡ ದಾಳಿ ಆಗಿರಲಿಲ್ಲ, ಬಹುಪಾಲು ಜನರಿಗೆ ಗೊತ್ತೇ ಆಗಲಿಲ್ಲ. ನೋಡಿ, ಜನರಿಗೆ ಗೊತ್ತೇ ಆಗದ್ದನ್ನು ಕೂತು ಜನರಿಗೆ ಹೇಳುತ್ತಿದ್ದಾರೆ. ನಮ್ಮಲ್ಲಾದರೆ ಗೊತ್ತಾಗಲಿಲ್ಲವಲ್ಲ ಸದ್ಯ ಅಂತ ಫೈಲ್ ಮುಚ್ಚುತ್ತಿದ್ದರು.

ನಮ್ಮದನ್ನು ನೋಡೋಣ. 2019ರ ಅಕ್ಟೋಬರ್ 29ರಂದು ಕೂಡಂಕುಳಂ ಅಣುಸ್ಥಾವರದವರು ಒಂದು ಹೇಳಿಕೆ ಕೊಟ್ಟರು. ಸೈಬರ್ ದಾಳಿ ಅನ್ನೋದೆಲ್ಲ ಸುಳ್ಳು ಸುದ್ದಿ, ನಮ್ಮ ನಿಯಂತ್ರಣ ವ್ಯವಸ್ಥೆಗೆ ಹೊರಗಿನ ಸಂಪರ್ಕವೇ ಇಲ್ಲ, ದಾಳಿ ಸಾಧ್ಯವೇ ಇಲ್ಲ ಅಂತ. ಮರುದಿನ ಅಣುವಿದ್ಯುತ್ ನಿಗಮ ಇನ್ನೊಂದು ಹೇಳಿಕೆ ಕೊಟ್ಟಿತು: ಕಂಪ್ಯೂಟರ್ ಒಂದಕ್ಕೆ ಮಾಲ್‌ವೇರ್, ಅಂದರೆ ಹಾನಿ ಮಾಡುವ ತಂತ್ರಾಂಶ, ಬಂದಿದ್ದು ನಿಜ, ಅದು ಆಡಳಿತದ ಕೆಲಸದ ನೆಟ್‌ವರ್ಕ್‌ನಲ್ಲಿದ್ದದ್ದು, ಸೆಪ್ಟೆಂಬರ್ 4ರಂದೇ ಸರ್ಟ್-ಇನ್ ಅನ್ನೋ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯವರು ನಮಗೆ ತಿಳಿಸಿದ್ದರು. ಅಂದರೆ ಸುಮಾರು ಎರಡು ತಿಂಗಳಿಂದ ಗೊತ್ತಿತ್ತು! ಸ್ಥಾವರಕ್ಕೆ ಏನೂ ಆಗಿರಲಿಲ್ಲ, ಒಪ್ಪೋಣ. ಹಾಗಿದ್ದರೆ ಮೊದಲ ದಿನವೇ ಹಾಗೇ ಹೇಳಬಹುದಿತ್ತಲ್ಲ. ಒಂದು ದಿನ ಸುಳ್ಳು ಅಂತ ಹೇಳಿ, ಮರುದಿನ ನಿಜ ಅಂದರೆ, ಮೂರನೇ ದಿನ ನೀವು ಏನು ಹೇಳಿದರೂ ಯಾರು ನಂಬುತ್ತಾರೆ?

2020ರ ಅಕ್ಟೋಬರ್ 12ರಂದು ಮುಂಬಯಿಯಲ್ಲಿ ಕರೆಂಟು ಹೋಯಿತು. ಲೋಕಲ್ ಟ್ರೇನುಗಳು ಹಳಿ ಮೇಲೇ ನಿಂತವು. ಆಸ್ಪತ್ರೆಗಳು ಜನರೇಟರ್ ಹಾಕಿಕೊಂಡವು. ಕೋವಿಡ್ ಕಾಲ ಬೇರೆ. ನಾಲ್ಕೂವರೆ ತಿಂಗಳಾದ ಮೇಲೆ ರೆಕಾರ್ಡೆಡ್ ಫ್ಯೂಚರ್ ಅನ್ನೋ ಅಮೆರಿಕದ ಕಂಪನಿ, ಭಾರತದ ವಿದ್ಯುತ್ ಜಾಲದೊಳಗೆ ಚೀನಾ ನಂಟಿನ ಗುಂಪೊಂದು ಮಾಲ್‌ವೇರ್ ಇಟ್ಟಿದೆ ಅಂತ ವರದಿ ಬಿಟ್ಟಿತು. ಮಹಾರಾಷ್ಟ್ರದ ಗೃಹಮಂತ್ರಿ, ಹೌದು, ಮುಂಬಯಿ ಕತ್ತಲಿನ ಹಿಂದೆ ಸೈಬರ್ ಕೈವಾಡದ ಸುಳಿವಿದೆ ಅಂದರು. ಕೇಂದ್ರದ ವಿದ್ಯುತ್ ಮಂತ್ರಿ, ಇಲ್ಲ, ಅದು ಮನುಷ್ಯರ ತಪ್ಪು ಅಂದರು. ಜತೆಗೆ ಇನ್ನೊಂದು ಮಾತು ಸೇರಿಸಿದರು: ಉತ್ತರ ಮತ್ತು ದಕ್ಷಿಣ ವಲಯದ ಲೋಡ್ ಡಿಸ್ಪ್ಯಾಚ್ ಸೆಂಟರ್‌ಗಳ, ಅಂದರೆ ವಿದ್ಯುತ್ ಹರಿವನ್ನು ನಿಯಂತ್ರಿಸುವ ಕೇಂದ್ರಗಳ ಮೇಲೆ ದಾಳಿ ಆಗಿತ್ತು, ಆದರೆ ಒಳಗಿನ ವ್ಯವಸ್ಥೆ ಮುಟ್ಟಲಾಗಲಿಲ್ಲ. ದಕ್ಷಿಣ ವಲಯದ ಆ ಸೆಂಟರ್ ಇರೋದು ನಮ್ಮ ಬೆಂಗಳೂರಿನಲ್ಲಿ. ನಮ್ಮೂರಿನ ಒಂದು ಕಟ್ಟಡದ ಬಾಗಿಲು ಯಾರೋ ತಟ್ಟಿ ಹೋಗಿದ್ದು, ಮುಂಬಯಿಯ ಜಗಳದ ಮಧ್ಯೆ ಕಿವಿಗೆ ಬಿತ್ತು.

ಇದನ್ನೆಲ್ಲ ಫೋನಿನಲ್ಲಿ ನಮ್ಮ ದೊಡ್ಡಪ್ಪನಿಗೆ ಹೇಳಿದೆ. ಅವರು ಕೆಇಬಿಯಲ್ಲಿ ಸರ್ವೀಸ್ ಮಾಡಿದವರು. ಹೆಸರು ಬದಲಾಗಿ ಎಷ್ಟು ವರ್ಷ ಆದರೂ ಅವರಿಗೆ ಅದು ಕೆಇಬಿಯೇ.

"ಲೈನು ಟ್ರಿಪ್ ಆಗೋಕೆ ನೂರು ಕಾರಣ ಇರ್ತವೆ ಕಣಪ್ಪ" ಅಂದರು. "ಒಂದು ರಿಲೇ ಕೈಕೊಟ್ರೆ ಸಾಕು. ಎಲ್ಲಾದಕ್ಕೂ ಚೀನಾ ಅಂತ ಕೂಗ್ತಾ ಕೂತರೆ ನಮ್ಮ ಹುಡುಗರು ಮೇಂಟೆನೆನ್ಸೇ ಮಾಡಲ್ಲ, ಅದೂ ಒಂದು ನೆಪ ಆಗೋಗುತ್ತೆ."

"ಸರಿ ದೊಡ್ಡಪ್ಪ, ಆದ್ರೆ ದಾಳಿ ಆಗಿದ್ದನ್ನ ಹೇಳಬೇಕಲ್ವಾ?"

"ಯಾಕೆ ಹೇಳಬೇಕು? ಹೊಡೆದೋನಿಗೆ ಎಲ್ಲಿ ಪೆಟ್ಟು ಬಿತ್ತು ಅಂತ ನಾವೇ ತೋರಿಸಿಕೊಡೋದಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇದೆ. ಹೊಡೆದವನಿಗೆ ಎಲ್ಲಿ ಪೆಟ್ಟು ಬಿತ್ತು ಅಂತ ಮೊದಲೇ ಗೊತ್ತಿರುತ್ತೆ ದೊಡ್ಡಪ್ಪ, ಗೊತ್ತಿಲ್ಲದೇ ಇರೋದು ನಮಗೆ, ನಿಮಗೆ. ಅಷ್ಟರಲ್ಲಿ ಅವರ ಧಾರಾವಾಹಿ ಶುರುವಾಯಿತು, ಫೋನ್ ಇಟ್ಟರು.

ಎಸ್ಟೋನಿಯಾದವರು ಇದೇ ಪ್ರಶ್ನೆಯನ್ನು 2017ರಲ್ಲಿ ಎದುರಿಸಿದರು, ಅದೂ ಎಂಥ ಹೊತ್ತಿನಲ್ಲಿ! ಇಲ್ಲಿ ಪ್ರತಿಯೊಬ್ಬರಿಗೂ ಚಿಪ್ ಇರುವ ಗುರುತಿನ ಚೀಟಿ. ಸಹಿ, ಬ್ಯಾಂಕು, ಔಷಧಿ ಚೀಟಿ, ಓಟು, ಎಲ್ಲಕ್ಕೂ ಅದೇ. 2017ರ ಆಗಸ್ಟ್ ಕೊನೆಯಲ್ಲಿ ಚೆಕ್ ದೇಶದ ವಿಶ್ವವಿದ್ಯಾಲಯವೊಂದರ ಸಂಶೋಧಕರು, ನಿಮ್ಮ ಚೀಟಿಯ ಚಿಪ್ಪಿನಲ್ಲಿ ದೋಷ ಇದೆ, ಗುಪ್ತ ಕೀಲಿಯನ್ನು ಲೆಕ್ಕ ಹಾಕಿ ತೆಗೆಯಬಹುದು ಅಂತ ತಿಳಿಸಿದರು. ಏಳೂವರೆ ಲಕ್ಷ ಚೀಟಿಗಳು, ಅಂದರೆ ಅರ್ಧಕ್ಕಿಂತ ಜಾಸ್ತಿ ದೇಶ. ಅಕ್ಟೋಬರ್‌ನಲ್ಲಿ ಸ್ಥಳೀಯ ಚುನಾವಣೆ, ಮನೆಯಲ್ಲಿ ಕೂತು ಇದೇ ಚೀಟಿಯಿಂದ ಓಟು ಹಾಕುವವರು ಬೇಕಾದಷ್ಟು. ಆ ಆರು ತಿಂಗಳು ಯುರೋಪಿಯನ್ ಒಕ್ಕೂಟದ ಅಧ್ಯಕ್ಷ ಸ್ಥಾನವೂ ಇವರದೇ, ಸೆಪ್ಟೆಂಬರ್ ಕೊನೆಗೆ ಯುರೋಪಿನ ನಾಯಕರನ್ನೆಲ್ಲ ಟ್ಯಾಲಿನ್‌ಗೆ ಕರೆದು ಡಿಜಿಟಲ್ ಶೃಂಗಸಭೆ ಮಾಡುವ ತಯಾರಿ ನಡೆದಿತ್ತು. ಮನೆ ತುಂಬ ನೆಂಟರು ಬರುವ ಹೊತ್ತಿಗೆ ಹೀಗಾದರೆ ನಾವೇನು ಮಾಡುತ್ತೇವೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಇವರು ಸೆಪ್ಟೆಂಬರ್ 5ರಂದು ಪತ್ರಿಕಾಗೋಷ್ಠಿ ಕರೆದರು. ಪ್ರಧಾನಿ ಯೂರಿ ರಾಟಾಸ್ ಪತ್ರಕರ್ತರ ಎದುರಿಗೆ ಕೂತು, ದೋಷ ಇದೆ, ಇಲ್ಲಿಯವರೆಗೆ ಯಾರದೂ ದುರ್ಬಳಕೆ ಆದ ಸುಳಿವಿಲ್ಲ, ಸರಿ ಮಾಡುತ್ತೇವೆ ಅಂದರು. ಚುನಾವಣೆ ನಡೆಯಿತು, ಆನ್‌ಲೈನ್ ಓಟೂ ನಡೆಯಿತು. ನವೆಂಬರ್ 3ರ ರಾತ್ರಿ ಆ ಚೀಟಿಗಳೊಳಗಿನ ಹಳೆ ಡಿಜಿಟಲ್ ಸರ್ಟಿಫಿಕೇಟುಗಳನ್ನೆಲ್ಲ ತಡೆಹಿಡಿದರು. ಪೊಲೀಸ್ ಕಚೇರಿಗಳ ಮುಂದೆ ಕ್ಯೂ ನಿಂತಿತು, ಅಪ್‌ಡೇಟ್ ಮಾಡುವ ವ್ಯವಸ್ಥೆ ಒತ್ತಡ ತಾಳದೆ ತೊದಲಿತು. ನನ್ನ ಸಹೋದ್ಯೋಗಿಗಳು ಈಗಲೂ ಆ ಕ್ಯೂ ನೆನೆಸಿಕೊಂಡು ಬೈಯುತ್ತಾರೆ. ಆದರೆ ಮುಚ್ಚಿಟ್ಟರು ಅಂತ ಬೈದವರನ್ನು ನಾನು ಕಂಡಿಲ್ಲ.

ಆ ಪತ್ರಿಕಾಗೋಷ್ಠಿ ಆಗಿ ನಾಲ್ಕು ತಿಂಗಳಾದ ಮೇಲೆ, 2018ರ ಜನವರಿಯಲ್ಲಿ, ಭಾರತದಲ್ಲಿ ಟ್ರಿಬ್ಯೂನ್ ಪತ್ರಿಕೆಯ ವರದಿಗಾರ್ತಿಯೊಬ್ಬರು 500 ರೂಪಾಯಿ ಕೊಟ್ಟರೆ ಆಧಾರ್ ವಿವರ ನೋಡುವ ಲಾಗಿನ್ ಸಿಗುತ್ತೆ ಅಂತ ಬರೆದರು. ಆಧಾರ್ ಪ್ರಾಧಿಕಾರದ ದೂರಿನ ಮೇಲೆ ದಾಖಲಾದ ಎಫ್‌ಐಆರ್‌ನಲ್ಲಿ ಆ ವರದಿಗಾರ್ತಿಯ ಹೆಸರೂ ಇತ್ತು. ಕಳ್ಳ ಬಂದ ಅಂತ ಕೂಗಿದವರ ಮೇಲೇ ಕೇಸು.

ಇಲ್ಲಿ ಸರ್ಕಾರಿ ಪೋರ್ಟಲ್‌ಗೆ ಹೋದರೆ ನನ್ನ ಮಾಹಿತಿಯನ್ನು ಯಾವ ಇಲಾಖೆ, ಯಾವ ದಿನ, ಎಷ್ಟು ಗಂಟೆಗೆ ನೋಡಿತು ಅಂತ ಒಂದು ಪಟ್ಟಿ ಬರುತ್ತದೆ. ಮೊದಲ ಸಲ ತೆರೆದಾಗ ಅದರಲ್ಲಿ ಮಗಳ ಶಿಶುವಿಹಾರಕ್ಕೆ ಅರ್ಜಿ ಹಾಕಿದ ದಿನದ ಸಾಲು ಇತ್ತು. ಅದರ ಕೆಳಗೆ ನನಗೆ ಪರಿಚಯವೇ ಇಲ್ಲದ ಒಂದು ಕಚೇರಿಯ ಸಾಲು, ಮಧ್ಯಾಹ್ನದ ಹೊತ್ತು. ಯಾಕೆ ನೋಡಿದಿರಿ ಅಂತ ಮೇಲ್ ಹಾಕಿದೆ, ಉತ್ತರದ ಆಸೆ ಇಟ್ಟುಕೊಳ್ಳದೆ. ವಾರದೊಳಗೆ ಬಂತು: ವಿಳಾಸ ಬದಲಾಯಿಸಿದ್ದನ್ನು ಪರಿಶೀಲಿಸಿದ್ದು, ಇಂಥ ನಿಯಮದ ಪ್ರಕಾರ ಅಂತ. ಎರಡೇ ಸಾಲು. ಆ ಮೇಲನ್ನು ನಾನು ಇನ್ನೂ ಡಿಲೀಟ್ ಮಾಡಿಲ್ಲ, ನಗಬೇಡಿ.

ಇದಕ್ಕೂ ವಿಶ್ವಸಂಸ್ಥೆಗೂ ಏನು ಸಂಬಂಧ ಅಂದರೆ, ನನ್ನ ಮಟ್ಟಿಗೆ ಇದೇ ಸಂಬಂಧ. ತನ್ನ ಪ್ರಜೆಗೆ ಎರಡು ಸಾಲಿನ ಉತ್ತರ ಕೊಡುವ ಅಭ್ಯಾಸ ಇರುವ ಸರ್ಕಾರ ರಷ್ಯಾಕ್ಕೆ ಬೆರಳು ತೋರಿಸಿದಾಗ ಅದರ ಜನ ನಂಬುತ್ತಾರೆ. ಜನ ನಂಬಿದರೆ ಹೊರಗಿನವರೂ ಕಿವಿಗೊಡುತ್ತಾರೆ. ನಾವು ಉಲ್ಟಾ. 2022ರ ಏಪ್ರಿಲ್‌ನಲ್ಲಿ ವಿದ್ಯುತ್ ಮಂತ್ರಿ ಲಡಾಖ್ ಹತ್ತಿರದ ವಿದ್ಯುತ್ ಕೇಂದ್ರಗಳ ಮೇಲೆ ಚೀನಾದ ಹ್ಯಾಕರ್‌ಗಳು ಎರಡು ಸಲ ಪ್ರಯತ್ನ ಮಾಡಿ ಸೋತರು ಅಂತ ಬಾಯಿಬಿಟ್ಟರು. ಅಬ್ಬಾ, ಹೆಸರು ಬಂತಲ್ಲ ಅಂದುಕೊಂಡೆ. ವಿದೇಶಾಂಗ ಇಲಾಖೆಯನ್ನು ಕೇಳಿದರೆ ಚೀನಾದ ಜತೆ ಈ ವಿಷಯ ಎತ್ತಿಲ್ಲ ಅಂದಿತು. ಮನೆಯ ಒಬ್ಬ ಹೌದು ಅಂದರೆ ಇನ್ನೊಬ್ಬ ಸುಮ್ಮನಿರುವುದು.

ನಮ್ಮ ರಾಷ್ಟ್ರೀಯ ಸೈಬರ್ ಭದ್ರತಾ ನೀತಿ 2013ರದ್ದು. 2020ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿ, ಹೊಸ ನೀತಿ ಬೇಗ ಬರುತ್ತೆ ಅಂದರು. ಆಮೇಲೆ ಎಷ್ಟು ಯುಗಾದಿ ಆಯಿತು ಲೆಕ್ಕ ಹಾಕಿ. ಆ ಮಧ್ಯೆ 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳಿಗೆ ಯಾರೋ ಬೀಗ ಜಡಿದರು, ಎರಡು ವಾರ ಡಾಕ್ಟರುಗಳು ಕೈಯಲ್ಲಿ ಚೀಟಿ ಬರೆದರು. ಸಂಸತ್ತಿಗೆ ಸಿಕ್ಕ ಉತ್ತರ: ಐದು ಸರ್ವರ್, ಸುಮಾರು 1.3 ಟೆರಾಬೈಟ್ ಡೇಟಾ, ಮಾಡಿದವರು ಅಪರಿಚಿತರು. ಮರುವರ್ಷ ನವೆಂಬರ್‌ನಲ್ಲಿ ಇಂಥದ್ದನ್ನೆಲ್ಲ ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆಯನ್ನೇ ಮಾಹಿತಿ ಹಕ್ಕು ಕಾಯ್ದೆಯಿಂದ ಹೊರಗಿಟ್ಟರು. ಇನ್ನು ಕೇಳುವ ಹಾಗೂ ಇಲ್ಲ.

ಈಗ ದೊಡ್ಡಪ್ಪನ ಪರವಾಗಿ ಒಂದು ಮಾತು. ಹೇಳದೆ ವಿಧಿಯಿಲ್ಲ.

ಎಸ್ಟೋನಿಯಾ ರಷ್ಯಾವನ್ನು ಹೆಸರು ಹಿಡಿದು ಬೈಯುವಾಗ ಅದರ ಬೆನ್ನ ಹಿಂದೆ ನ್ಯಾಟೊ ನಿಂತಿರುತ್ತದೆ. ನಮ್ಮ ಬೆನ್ನ ಹಿಂದೆ ಯಾರೂ ಇಲ್ಲ, ನಾವೇ. ಚೀನಾದ ಜತೆ 3,488 ಕಿಲೋಮೀಟರ್ ಗಡಿ ಇದೆ, ಆ 2020ರಲ್ಲಿ ಗಲ್ವಾನ್‌ನಲ್ಲಿ 20 ಯೋಧರನ್ನು ಕಳಕೊಂಡಿದ್ದೆವು, ಮಾತುಕತೆಗಳು ನಡೆಯುತ್ತಿದ್ದವು. ಅಂಥ ಹೊತ್ತಿನಲ್ಲಿ ಕರೆಂಟು ಹೋದದ್ದಕ್ಕೆ ಹೆಸರು ಹೇಳಿದರೆ ಮುಂದಿನ ಮಾತು ಏನು? ಹೇಳಿ ಸುಮ್ಮನಿದ್ದರೆ ಮಾನ ಹೋಗುತ್ತೆ, ಸುಮ್ಮನಿರದಿದ್ದರೆ ಇನ್ನೇನೋ ಹೋಗುತ್ತೆ. ಇದನ್ನು ನಾನು ಒಪ್ಪಬೇಕು, ಮನಸ್ಸಿಲ್ಲದಿದ್ದರೂ.

ಹೆಸರು ಹೇಳಿದ್ದರಿಂದ ಇವರಿಗೆ ಸಿಕ್ಕ ನ್ಯಾಯವೂ ಅಷ್ಟಕ್ಕಷ್ಟೆ. 2007ರ ಅಷ್ಟು ದೊಡ್ಡ ದಾಳಿಗೆ ಇಲ್ಲಿನ ಕೋರ್ಟಿನಲ್ಲಿ ಶಿಕ್ಷೆಯಾದದ್ದು ಒಬ್ಬ ವಿದ್ಯಾರ್ಥಿಗೆ, 17,500 ಕ್ರೂನ್ (ಆಗ ಇಲ್ಲಿ ನಡೆಯುತ್ತಿದ್ದ ಹಣ) ದಂಡ. ರಷ್ಯಾ ತನಿಖೆಗೆ ಸಹಕರಿಸಲಿಲ್ಲ. ಇಲ್ಲೂ ಸೋರಿಕೆ ಆಗುತ್ತೆ. 2021ರಲ್ಲಿ ಟ್ಯಾಲಿನ್‌ನವನೇ ಒಬ್ಬ ಸರ್ಕಾರಿ ಡೇಟಾಬೇಸಿನಿಂದ 2,86,438 ಜನರ ಫೋಟೋ ಇಳಿಸಿಕೊಂಡ. 2024ರಲ್ಲಿ ಔಷಧಿ ಅಂಗಡಿಗಳ ಗ್ರಾಹಕರ ಕಾರ್ಡಿನ ಡೇಟಾ ಹೋಯಿತು, ಸುಮಾರು ಏಳು ಲಕ್ಷ ಗುರುತಿನ ಸಂಖ್ಯೆಗಳು. ಯಾರು ಏನು ಔಷಧಿ ಕೊಂಡರು ಅನ್ನೋದೂ ಅದರಲ್ಲಿತ್ತು. ಅವತ್ತು ಆಫೀಸಿನಲ್ಲಿ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಹೊರಗೆ ಹೇಳಿದ ಮಾತ್ರಕ್ಕೆ ಹೋದ ಡೇಟಾ ವಾಪಸ್ ಬರಲ್ಲ.

ಮತ್ತೆ, 13 ಲಕ್ಷ ಜನರ ಊರಿನಲ್ಲಿ ಎರಡು ಸಾಲಿನ ಮೇಲ್ ಬರೆಯೋದು ಬೇರೆ, 140 ಕೋಟಿಗೆ ಬರೆಯೋದು ಬೇರೆ. ನಮ್ಮಲ್ಲೂ 2023ರ ಡೇಟಾ ರಕ್ಷಣೆ ಕಾಯ್ದೆ, ಸೋರಿಕೆಯಾದರೆ ಯಾರ ಡೇಟಾ ಹೋಯಿತೋ ಅವರಿಗೆ ತಿಳಿಸಬೇಕು ಅನ್ನುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಭಾಗ ಜಾರಿಗೆ 18 ತಿಂಗಳ ಗಡುವು. ಬರಲಿ.

ಕೊನೆಗೆ ಒಂದು ವಿಷಯ, ದೊಡ್ಡಪ್ಪನೇ ನನಗೆ ವಾಟ್ಸಾಪಿನಲ್ಲಿ ಪತ್ರಿಕೆಯ ಕಟಿಂಗ್ ಕಳಿಸಿದ್ದು. 2025ರ ಶುರುವಿನಲ್ಲಿ ನಮ್ಮ ರಾಜ್ಯದ ಕಾವೇರಿ 2.0 ತಂತ್ರಾಂಶ ಕೈಕೊಟ್ಟು ನೋಂದಣಿ ಕಚೇರಿಗಳಲ್ಲಿ ಕೆಲಸ ನಿಂತಿತ್ತಲ್ಲ, ಇಸಿ ಸಿಗದೆ, ಸೈಟು ರಿಜಿಸ್ಟರ್ ಆಗದೆ ಜನ ಸುತ್ತಾಡಿದರಲ್ಲ. ಸರ್ಕಾರ ಅದನ್ನು ಬರೀ ಸರ್ವರ್ ಡೌನ್ ಅಂತ ಹೇಳಿ ಕೈ ತೊಳೆದುಕೊಳ್ಳಲಿಲ್ಲ. ಇದು ಬೇಕಂತಲೇ ಮಾಡಿದ ದಾಳಿ, 62 ಖಾತೆ, 14 ಐಪಿ ವಿಳಾಸ, ಎರಡು ಗಂಟೆಯಲ್ಲಿ 6.2 ಲಕ್ಷ ಸುಳ್ಳು ಬೇಡಿಕೆ ಅಂತ ಅಂಕಿ ಸಮೇತ ಹೇಳಿ ಸೈಬರ್ ಪೊಲೀಸರಿಗೆ ದೂರು ಕೊಟ್ಟಿತು. 2007ರಲ್ಲಿ ಟ್ಯಾಲಿನ್‌ಗೆ ಆದದ್ದೂ ಇದೇ ಜಾತಿಯ ದಾಳಿ, ಅಳತೆ ಬೇರೆ ಅಷ್ಟೆ.

ಕಟಿಂಗಿನ ಕೆಳಗೆ ದೊಡ್ಡಪ್ಪ ಬರೆದಿದ್ದರು: "ನೋಡಪ್ಪ, ನಮ್ಮವರೂ ಹೇಳ್ತಾರೆ."

"ಯಾರು ಮಾಡಿದ್ದು ಅಂತ ಹೇಳಿದ್ರಾ?" ಅಂತ ಕೇಳಿದೆ.

"ಕೆಲವರು" ಅಂತ ಉತ್ತರ ಬಂತು, ಜತೆಗೆ ನಗುವ ಮುಖ ಒಂದು. ಅವರಿಗೆ ನನ್ನ ಮೇಲೆ ಯಾವಾಗಲೂ ಒಂದು ಕೈ ಜಾಸ್ತಿ.